ಆಯಿಯ ಮೊದಲ ತುತ್ತು

ನಮ್ಮ ಮಾಳಿಗೆಯ ಮೇಲೆ ಬಾಡಿಗೆಗಿರುವ ಪೂಜಾ ನಿನ್ನೆ ಸಂಜೆ ಕುಸುಬೆ ಎಣ್ಣೆಯಲ್ಲಿ ಅರಿಶಿಣ ಕಾಯಿಸುತ್ತಿದ್ದಳು. ನಾನು ಕೆಳಗೆ ಬಾಗಿಲಲ್ಲಿ ಕೂತು ಮೆಂತೆ ಪಲ್ಯ ಸೋಸುತ್ತಿದ್ದೆ. ಒಗ್ಗರಣೆಯ ವಾಸನೆ ಬಂದರೆ ಇವತ್ತೇನು ಅಡಿಗೆ ಎಂದು ಕೇಳಬೇಕೆನಿಸುತ್ತದೆ. ಈ ವಾಸನೆ ಬಂದರೆ ಮಾತ್ರ ಯಾರಿಗೆ ಏನಾಯಿತು ಎಂದೇ ಕೇಳಬೇಕಾಗುತ್ತದೆ.

"ಏನಾತ ಪೂಜಾ?" ಎಂದು ಕೆಳಗಿನಿಂದಲೇ ಕೂಗಿದೆ.

"ಏನಿಲ್ರಿ ಅಕ್ಕಾ, ನಮ್ಮ ಸಮರ್ಥಗ ನರ್ಸರಿಯಾಗ ಯಾವನೋ ಮತ್ತ ಕಡದಾನ."

ಕೈಯಲ್ಲಿದ್ದ ಕಡ್ಡಿ ಕೈಯಲ್ಲೇ ಉಳಿಯಿತು. ಬರೀ ಕಡದಾನ ಎಂದಿದ್ದರೆ ಮಕ್ಕಳಾಟ ಎಂದುಕೊಂಡು ಸುಮ್ಮನಾಗುತ್ತಿದ್ದೆನೇನೋ. 'ಮತ್ತ' ಎನ್ನುವ ಆ ಮಾತು ನನಗೆ ಚೆನ್ನಾಗಿ ಪರಿಚಯದ್ದು. ಈಗ ಹೈಸ್ಕೂಲಿಗೆ ಹೋಗುವ ನನ್ನ ಮಗಳು ಮೂರು ವರ್ಷದವಳಿದ್ದಾಗ ನಮ್ಮ ಮನೆಯಲ್ಲಿ ದಿನಾ ಕೇಳುತ್ತಿದ್ದ ಮಾತು ಅದು.

ಮೊದಲು ನನ್ನ ವಿಷಯ ಒಂದಿಷ್ಟು ಹೇಳಿಬಿಡುತ್ತೇನೆ. ಇಲ್ಲವಾದರೆ ಆಗ ನಾನು ಹಾಗೇಕೆ ಹಾರಾಡಿದೆ ಎಂಬುದು ನಿಮಗೆ ತಿಳಿಯುವುದಿಲ್ಲ. ನಾನು ಮಂಠಾಳದವಳು. ಅಪ್ಪ ಅವ್ವ ಇಬ್ಬರೂ ಮಂದಿಯ ಹೊಲದಲ್ಲಿ ಕೂಲಿ ಮಾಡಿದವರು. ಬಸವಕಲ್ಯಾಣದ ಕಾಲೇಜಿಗೆ ನಾನು ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ನಿಂತುಕೊಂಡೇ ಬಂದು ಬಿ.ಎಸ್ಸಿ. ಮುಗಿಸಿದೆ. ತವರಿನಲ್ಲಿ ಡಿಗ್ರಿ ಮಾಡಿದ ಮೊದಲ ಹೆಸರು ನನ್ನದು. ಗಂಡನ ಮನೆಯಲ್ಲೂ ನನ್ನದೇ. ಹುಮನಾಬಾದಿನ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕು, ಇಲ್ಲೇ ಮನೆ ಕಟ್ಟಿಸಿದಾಗ ಬಾಗಿಲ ಪಕ್ಕದ ಕಲ್ಲಿನಲ್ಲಿ ಗಂಡನ ಹೆಸರಿನ ಕೆಳಗೆ ನನ್ನ ಹೆಸರು, ಮುಂದೆ ಬಿ.ಎಸ್ಸಿ. ಎಂದು ಕೆತ್ತಿಸಿದೆ. ಹೆಸರಿಗಿಂತ ಬಿ.ಎಸ್ಸಿ.ಯೇ ದಪ್ಪಗಿದೆ ಎಂದು ನಮ್ಮ ಮನೆಯವರು ಈಗಲೂ ನಗುತ್ತಾರೆ. ಕೆತ್ತುವವನ ಕೈತಪ್ಪು ಅನ್ನುತ್ತೇನೆ. ಕೈತಪ್ಪಲ್ಲ, ನಾನೇ ಪಕ್ಕದಲ್ಲಿ ನಿಂತು ಕೆತ್ತಿಸಿದ್ದು.

ಅಂಥವಳ ಮಗಳು ಶಾಲೆ ಎಂದರೆ ನಡುಗತೊಡಗಿದ್ದಳು. ಇನ್ನು ಆ ಮಗಳ ವಿಷಯ.

ಅವಳು ಹುಟ್ಟುವ ಕೆಲವು ತಿಂಗಳ ಮೊದಲು ಗಂಡನ ಊರಾದ ಮೋರಖಂಡಿಯಲ್ಲಿ ನಮ್ಮ ಮಾವನವರ ತಾಯಿ ತೀರಿಕೊಂಡಿದ್ದರು. ಹೆಸರು ನೀಲಮ್ಮ. ಮಗು ಹುಟ್ಟಿದಾಗ ಮಾವ ಆಸ್ಪತ್ರೆಗೆ ಬಂದರು, ಟೊಪಗಿ ತೆಗೆದು ಕಂಕುಳಲ್ಲಿಟ್ಟುಕೊಂಡು ಅದರ ಮುಖವನ್ನು ಬಹಳ ಹೊತ್ತು ನೋಡಿದರು. "ನಮ್ಮವ್ವ ಹೊಳ್ಳಿ ಬಂದಾಳ" ಎಂದರು, ತಿರುಗಿ ಬಂದಿದ್ದಾಳೆ ಎಂದು. ಅಲ್ಲಿಗೆ ಹೆಸರಿನ ಮಾತು ಮುಗಿಯಿತು. ನಾನು ನಾಲ್ಕಾರು ಹೊಸ ಹೆಸರು ಯೋಚಿಸಿಟ್ಟುಕೊಂಡಿದ್ದೆ, ನುಂಗಿಕೊಂಡೆ. ಶಾಲೆಯಲ್ಲಿ ನೀಲಾ ಎಂದು ಬರೆಸಿ ಅಷ್ಟಕ್ಕೆ ಸಮಾಧಾನಪಟ್ಟೆ.

ಸತ್ತ ಹಿರಿಯರ ಹೆಸರಿಟ್ಟ ಕೂಸನ್ನು ನಮ್ಮ ಕಡೆ ಹೆಸರು ಹಿಡಿದು ಕರೆಯುವುದಿಲ್ಲ, ಬೈಯುವುದಿಲ್ಲ. ಮಾವ ಅವಳನ್ನು 'ಅವ್ವ' ಅನ್ನುತ್ತಿದ್ದರು. ನಾವೆಲ್ಲ 'ಆಯಿ', ಅಂದರೆ ಅಜ್ಜಿ. ತೊಟ್ಟಿಲಲ್ಲಿ ಉಚ್ಚೆ ಹೊಯ್ದುಕೊಂಡು ಮಲಗಿದ ಅಜ್ಜಿ! "ಆಯಿ, ಜರಾ ಸರೀರಿ, ಕಸ ಹೊಡೀತೀನಿ" ಎಂದು ನಾನು ಅಂಬೆಗಾಲಿಡುವ ಕೂಸಿಗೆ ಬಹುವಚನದಲ್ಲಿ ಹೇಳಿದ್ದೇನೆ, ನಗಬೇಡಿ.

ಇದರ ಮೇಲೆ ಇನ್ನೊಂದು ರಿವಾಜು. ದೊಡ್ಡ ನೀಲಮ್ಮ ಇದ್ದಾಗ ಅವರು ಮೊದಲ ತುತ್ತು ಬಾಯಿಗಿಟ್ಟ ಮೇಲೆಯೇ ಮನೆಯಲ್ಲಿ ಉಳಿದವರ ಊಟ. ನಾನು ಮದುವೆಯಾಗಿ ಬಂದಾಗಿನಿಂದ ನೋಡಿದ್ದು ಹಾಗೆಯೇ. ಸಣ್ಣ ನೀಲಮ್ಮನಿಗೆ ಹಲ್ಲು ಬಂದದ್ದೇ ತಡ, ಮಾವ ಆ ಪದ್ಧತಿಯನ್ನು ಅವಳಿಗೆ ವರ್ಗ ಮಾಡಿದರು. ಅವಳು ಬಾಯಿ ತೆರೆಯುವುದು, ಯಾರ ತಾಟು ಮೊದಲು ಬಂತೋ ಅವರು ಒಂದು ತುತ್ತು ಇಡುವುದು, ಅವಳು ಅಗಿದು "ಉಣ್ರಿ ಇನ್ನ" ಎನ್ನುವುದು. ಅಡತಿ ಅಂಗಡಿಯಲ್ಲಿ ದಿನವಿಡೀ ಧಾನ್ಯದ ಚೀಲಗಳ ನಡುವೆ ನಿಂತು ಹಸಿದು ಬಂದ ನಮ್ಮ ಮನೆಯವರು ಕೂಡ, ಆಯಿ ಆಟದಲ್ಲಿದ್ದರೆ, ಆಟ ಮುಗಿಯುವ ತನಕ ರೊಟ್ಟಿ ಮುರಿಯುತ್ತಿರಲಿಲ್ಲ. ಚೆಂದ ಕಾಣುತ್ತಿತ್ತು ಅದು. ಬಂದ ಬೀಗರು ನೋಡಿ ಕಣ್ಣು ತುಂಬಿಕೊಂಡು ಹೋಗುತ್ತಿದ್ದರು.

ನರ್ಸರಿಗೆ ಸೇರಿಸಿದ ಕೆಲವೇ ದಿನಕ್ಕೆ ಮುಂಗೈ ಮೇಲೆ ಹಲ್ಲಿನ ಗುರುತು ಹೊತ್ತು ಬಂದಳು. ಕೆಂಪಗೆ, ದುಂಡಗೆ, ಬಳೆಯ ಚೂರು ಒತ್ತಿದ ಹಾಗೆ. "ಯಾರ ಕಡದ್ರ?" ಎಂದರೆ "ಓಂಕಾರ" ಎಂದಳು. ಅರಿಶಿಣ ಎಣ್ಣೆ ಹಚ್ಚಿದೆವು. ಅದು ಮಾಸುವುದರೊಳಗೆ ಮತ್ತೊಂದು. ಆಮೇಲೆ ಮತ್ತೊಂದು. "ಯಾರ?" "ಓಂಕಾರ." "ಎಲ್ಲಿ?" ಕೈ ತೋರಿಸುತ್ತಿದ್ದಳು. ನಮ್ಮ ವಿಚಾರಣೆ ಅಷ್ಟಕ್ಕೇ ಮುಗಿಯುತ್ತಿತ್ತು.

ಸಲಹೆಗೇನು ಬರವಿಲ್ಲ, ನಿಮಗೇ ಗೊತ್ತು. ಎದುರುಮನೆಯ ಕಾಕು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಳು. ನಮ್ಮ ಮನೆಯವರು ಮಗಳನ್ನು ಎದುರಿಗೆ ಕೂರಿಸಿಕೊಂಡು, "ಆಯಿ, ನಿಮಗೂ ಹಲ್ಲ ಅದಾವಲ್ಲ? ನೀವೂ ಒಂದ ಕಡೀರಿ" ಎಂದು ಕಲಿಸಿದರು. ಟೀಚರಮ್ಮ ಒಳ್ಳೆಯ ಹುಡುಗಿ, ಪಾಪ, "ಇಬ್ಬರ್ನೂ ದೂರ ದೂರ ಕೂಡಸ್ತೀನ್ರಿ ಮೇಡಮ್" ಎಂದಳು. ಕೂರಿಸಿದಳು ಕೂಡ. ಆದರೂ ಗುರುತು ಬರುವುದು ನಿಲ್ಲಲಿಲ್ಲ.

ನಾನು ಒಂದು ಮಧ್ಯಾಹ್ನ ಗೇಟಿನಲ್ಲಿ ಕಾದು ನಿಂತೆ. ಓಂಕಾರನ ತಾಯಿ ಉಮರ್ಗಾ ಕಡೆಯವಳು, ಕನ್ನಡದಲ್ಲಿ ಮರಾಠಿ ಬೆರೆಸಿ ಮಾತಾಡುತ್ತಿದ್ದಳು. ಇನ್ನೂ ಸಣ್ಣ ವಯಸ್ಸು. ಉಳಿದ ತಾಯಂದಿರೆಲ್ಲ ಕೇಳುವ ಹಾಗೆ ಹೇಳಿದೆ: "ಏನ್ರಿ, ನಿಮ್ಮ ಹುಡುಗಗ ಮನ್ಯಾಗ ಕೂಳ ಹಾಕಂಗಿಲ್ಲೇನು? ನನ್ನ ಮಗಳ ಕೈ ತಿನ್ನಾಕತ್ತಾನ!"

ಅವಳು ತಿರುಗಿ ಬೀಳುತ್ತಾಳೆ ಎಂದು ಸೀರೆ ಬಿಗಿದುಕೊಂಡೇ ನಿಂತಿದ್ದೆ. ಅವಳು ಹುಡುಗನನ್ನು ಸೆರಗಿನೊಳಗೆ ಎಳೆದುಕೊಂಡು, "ಹೊಡದೀನ್ರಿ ತಾಯಿ. ಬೆನ್ನ ಮ್ಯಾಲ ಬೆರಳ ಮೂಡ್ಯಾವ. ಇನ್ನೇನ್ ಮಾಡ್ಲಿ, ನೀವೇ ಹೇಳ್ರಿ" ಎಂದಳು. ನಾನು ಮುಖ ಬಿಗಿದುಕೊಂಡೇ ಸ್ಕೂಟಿ ಹತ್ತಿದೆ.

ಕಡಿತಕ್ಕಿಂತ ದೊಡ್ಡದು ಆಮೇಲೆ ಶುರುವಾಯಿತು. ಬೆಳಿಗ್ಗೆ ಯೂನಿಫಾರ್ಮು ಕಂಡರೆ ಸಾಕು, ಮಗಳು ಮಾವ ಮಲಗುವ ಹೊರಸಿನ ಕಾಲು ಹಿಡಿದುಕೊಳ್ಳುತ್ತಿದ್ದಳು. ಬಿಡಿಸಿದರೆ ಬಾಗಿಲು, ಬಾಗಿಲು ಬಿಡಿಸಿದರೆ ನನ್ನ ಸೆರಗು. ಒಂದು ದಿನ ಮಾವ ಎದ್ದು ಬಂದು ಅವಳನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಸಾಕ ಬಿಡವಾ. ನಮ್ಮವ್ವ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ. ಸಾಲಿ ಕಲೀಲಾರ್ದೇ ಇಷ್ಟ ದೊಡ್ಡ ಮನಿ ನಡಿಸ್ಯಾಳ. ಮನ್ಯಾಗ ಇರ್ಲಿ."

ಸಿಟ್ಟಿನಿಂದ ಆಡಿದ ಮಾತಲ್ಲ, ಕರುಣೆಯಿಂದ ಆಡಿದ್ದು. ಅದಕ್ಕೇ ನನಗೆ ಭಯವಾಯಿತು. ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿದವರೆಲ್ಲ ಸಿಟ್ಟಿನಿಂದ ಬಿಡಿಸಿದ್ದಲ್ಲ, ನೋಡಿ. ಪಾಪ, ದೂರ ಆಗ್ತದ, ಬಿಸಿಲು ಅದ, ಮಂದಿ ಕಾಡ್ತಾರ ಎಂದು ಮಮತೆಯಿಂದಲೇ ಬಿಡಿಸಿದವರು ನಮ್ಮೂರಿನಲ್ಲಿ ಬಹಳ. ನನ್ನ ಜೊತೆ ಬಸ್ಸು ಹತ್ತಿದವರಲ್ಲಿ ಎಷ್ಟೋ ಜನ ಹಾಗೆ ನಡುವೆಯೇ ಇಳಿದುಹೋದರು. ಈಗ ನನ್ನ ಮನೆಯಲ್ಲೇ ಒಬ್ಬಳು ಬಸ್ಸು ಹತ್ತುವ ಮೊದಲೇ ಇಳಿಯುತ್ತಿದ್ದಳು. ಕಡಿಸಿಕೊಳ್ಳಲು ಅವಳನ್ನು ಕಳಿಸಲೂ ಆಗದು, ಮನೆಯಲ್ಲಿ ಇಟ್ಟುಕೊಳ್ಳಲೂ ಆಗದು.

ನಮ್ಮ ಲ್ಯಾಬಿನಲ್ಲಿ ಒಂದು ಕ್ರಮವಿದೆ. ಒಂದೇ ಬಗೆಯ ಮಾಲು ಪದೇ ಪದೇ ಕೆಟ್ಟರೆ ಕಾಗದ ನೋಡುತ್ತ ಕೂರುವುದಿಲ್ಲ. ಕೆಡುವ ಜಾಗಕ್ಕೆ ಹೋಗಿ, ಕೆಡುವ ಹೊತ್ತಿನಲ್ಲಿ ನಿಂತು ನೋಡುತ್ತೇವೆ. ದಿನಾ ಮಾಡುವ ಕೆಲಸ. ಮಗಳ ವಿಷಯದಲ್ಲಿ ಅದು ಹೊಳೆಯಲು ಅಷ್ಟು ದಿನ ಬೇಕಾಯಿತು. ಅರ್ಧ ದಿನ ರಜೆ ಹಾಕಿ, ಟೀಚರಮ್ಮನನ್ನು ಕೇಳಿಕೊಂಡು, ಮಕ್ಕಳಿಗೆ ಕಾಣದ ಹಾಗೆ ಪಕ್ಕದ ಕೋಣೆಯ ಕಿಟಕಿಯಲ್ಲಿ ಕೂತೆ.

ಆಟ, ಪಾಠ, ಹಾಡು, ಎಲ್ಲ ಸುರಳೀತ. ಮಗಳು ಒಂದು ಮೂಲೆ, ಓಂಕಾರ ಇನ್ನೊಂದು ಮೂಲೆ. ಆಮೇಲೆ ಡಬ್ಬಿಯ ಹೊತ್ತಾಯಿತು. ಟೀಚರಮ್ಮ ಬಿಗಿ ಮುಚ್ಚಳಗಳ ಜೊತೆ ಗುದ್ದಾಡುತ್ತ ಬಗ್ಗಿದಳು. ನನ್ನ ಮಗಳು ತನ್ನ ಡಬ್ಬಿ ಅಲ್ಲೇ ಬಿಟ್ಟು ಎದ್ದಳು. ಫ್ರಾಕು ಸರಿಮಾಡಿಕೊಂಡಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸಾಲಿನ ಮೊದಲ ಹುಡುಗನ ಮುಂದೆ ನಿಂತು ಬಾಯಿ ತೆರೆದಳು. ಅವನು ಬಿಸ್ಕೀಟಿನ ಚೂರು ಇಟ್ಟ. "ಉಣ್ರಿ ಇನ್ನ" ಎಂದಳು. ಮುಂದಿನವಳು ಬಾಳೆಹಣ್ಣು ಇಟ್ಟಳು. "ಉಣ್ರಿ ಇನ್ನ." ಪಾದಪೂಜೆಗೆ ಬಂದ ಸ್ವಾಮಿಗಳ ಗತ್ತು! ಮಕ್ಕಳಿಗೂ ಇದು ರೂಢಿಯಾಗಿತ್ತೆಂದು ಕಾಣುತ್ತದೆ, ಕೆಲವರು ತುತ್ತು ಹಿಡಿದುಕೊಂಡು ಅವಳಿಗಾಗಿ ಕಾಯುತ್ತಿದ್ದರು. ನನಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು.

ಓಂಕಾರನ ಡಬ್ಬಿಯಲ್ಲಿ ತುಪ್ಪ ಸಕ್ಕರೆ ಹಚ್ಚಿ ಸುತ್ತಿದ ಚಪಾತಿಯ ಸುರುಳಿಯೊಂದಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಪುಂಗಿಯ ಹಾಗೆ ಹಿಡಿದಿದ್ದ. ಇವಳು ಬಾಯಿ ತೆರೆದಳು. ಅವನು ತಲೆ ಅಲ್ಲಾಡಿಸಿದ. ಇವಳು ಇನ್ನೂ ದೊಡ್ಡದಾಗಿ ತೆರೆದಳು. ಅವನು ಸುರುಳಿಯನ್ನು ಎದೆಗೆ ಒತ್ತಿಕೊಂಡ. "ಆಯಿ ಉಂಡಿಲ್ಲ!" ಎಂದು ಗದರಿಸಿ, ನನ್ನ ಮಗಳು ಕೈ ಚಾಚಿ ಸುರುಳಿಯ ತುದಿ ಮುರಿದೇಬಿಟ್ಟಳು. ಆ ಹುಡುಗನ ಮುಖ ನೋಡಬೇಕಿತ್ತು ನೀವು. ಸಿಟ್ಟಲ್ಲ ಅದು, ಕಟ್ಟಿದ ಮನೆ ಕಣ್ಣೆದುರೇ ಕುಸಿದವನ ಮುಖ. ನಾನು ಕಿಟಕಿ ಬಿಟ್ಟು ಓಡುವುದರೊಳಗೆ ಮುಂಗೈ ಅವನ ಹಲ್ಲಿನ ನಡುವೆ ಇತ್ತು.

ಕಿರುಚುವ ಮಗಳನ್ನು ಎತ್ತಿಕೊಂಡು ತಿರುಗಿದಾಗ, ಅವನು ಅಳುತ್ತ ಅಳುತ್ತ ಮುರಿದ ತುದಿಯನ್ನು ಮತ್ತೆ ಸುರುಳಿಗೆ ಅಂಟಿಸಲು ನೋಡುತ್ತಿದ್ದ.

ಮಗನನ್ನು ಕರೆದೊಯ್ಯಲು ಬಂದ ಅವನ ತಾಯಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದೆ. "ಅಯ್ಯ, ಸುರುಳಿ ಮುರದ್ರ ಮನ್ಯಾಗೂ ಹಂಗೇ ಮಾಡ್ತಾನ್ರಿ" ಎಂದಳು. "ಅವರಪ್ಪ ಒಮ್ಮಿ ತುದಿ ತಿಂದಿದ್ದ. ಕತ್ತಲಾಗೂ ತನಕ ಅತ್ತಾನ." ಇಬ್ಬರಿಗೂ ನಗು ಬಂತು. ಆಮೇಲೆ ಅವಳು ಕೇಳಿದಳು, ಚುಚ್ಚಬೇಕೆಂದಲ್ಲ, ತಿಳಿಯದೆ: "ಮತ್ತ ನಿಮ್ಮ ಮಗಳಿಗಿ ಹಿಂಗ ಬೇಡೂದು ಯಾರ ಕಲಿಸ್ಯಾರ್ರಿ?"

ಟೀಚರಮ್ಮನನ್ನೂ ಕರೆದು ಮೂವರೂ ಕೂತು ಮಾತಾಡಿದೆವು. ಕಡಿಯುವುದು ತಪ್ಪು, ಅದು ತಪ್ಪೇ. ಮುರಿದ ಚಪಾತಿಗೆ ಮುಂಗೈ ಬದಲಿಯಲ್ಲ. ಡಬ್ಬಿಯ ಹೊತ್ತಿಗೆ ಟೀಚರಮ್ಮ ಅವನ ಪಕ್ಕದಲ್ಲೇ ಇರಬೇಕು, ಹಲ್ಲು ತೆರೆದರೆ ತಡೆದು, ಬಾಯಿಂದ "ಬ್ಯಾಡ" ಅನ್ನಲು ಅವನಿಗೆ ಕಲಿಸಬೇಕು. ಮುಚ್ಚಳಗಳನ್ನು ಮೊದಲೇ ಸಡಿಲ ಮಾಡಿ ಕಳಿಸಲು ಎಲ್ಲ ಮನೆಗೂ ಹೇಳಬೇಕು. ಅವನ ತಾಯಿ ಇನ್ನು ಹೊಡೆಯುವುದಿಲ್ಲ ಎಂದಳು. ನನ್ನ ಪಾಲಿನ ಕೆಲಸ ಮಾತ್ರ ನರ್ಸರಿಯಲ್ಲಿರಲಿಲ್ಲ. ಮನೆಯಲ್ಲಿ, ಹೊರಸಿನ ಮೇಲೆ ಕೂತಿತ್ತು.

ಸಂಜೆ ಮಾವನವರಿಗೆ ಎಲ್ಲ ಹೇಳಿ, "ಇವತ್ತಿನಿಂದ ಮೊದಲ ತುತ್ತು ಬ್ಯಾಡ್ರಿ ಮಾವ" ಎಂದೆ.

ಅವರು ತಾಟು ಹಿಂದಕ್ಕೆ ಸರಿಸಿದರು. "ಅಂದ್ರ ತಪ್ಪ ನಮ್ಮವ್ವಂದು ಅಂತಿ."

"ನಿಮ್ಮವ್ವಂದಲ್ರಿ. ನನ್ನ ಮಗಳದೂ ಅಲ್ಲ. ನಾವೇ ಕಲಿಸಿದ್ದು."

"ಎರಡೂ ಒಂದೇ ಅಲ್ಲೇನು, ನಮ್ಮವ್ವ, ನಿನ್ನ ಮಗಳ?" ಎಂದರು. "ಕಡದಾವ ಅವ. ತಿದ್ದೂದು ನಮ್ಮವ್ವನ್ನ. ಛಲೋ ನ್ಯಾಯ ಕಲತಿ ಕಾಲೇಜಿನ್ಯಾಗ."

"ಅವಗೂ ತಿದ್ದಾಕತ್ತಾರ್ರಿ. ಆದ್ರ ಊರ ಮಂದಿ ಎಲ್ಲಾ ಈಕಿ ಮುಂದ ತುತ್ತ ಹಿಡಕೊಂಡ ನಿಂದ್ರಂಗಿಲ್ಲ. ಆಕಿ ಹೊರಗ ಹೋಗಿ ಬಾಳೇವು ಮಾಡಬೇಕು. ಆಕಿನ್ನ ಮೂರು ವರ್ಷದಾಕಿ ಆಗಿ ಇರಾಕ ಬಿಡ್ರಿ ಮಾವ."

ಮಾವ ಉಣ್ಣಲಿಲ್ಲ. ಬೆಳಿಗ್ಗೆ ಟೊಪಗಿ ಹಾಕಿಕೊಂಡು ಮೋರಖಂಡಿಗೆ ಹೊರಟುಹೋದರು. ನೀವೇ ಹೇಳಿ, ಒಬ್ಬ ಮನುಷ್ಯನಿಗೆ ಹೊಳ್ಳಿ ಬಂದ ತಾಯಿಯನ್ನು ಮತ್ತೆ ಕಿತ್ತುಕೊಳ್ಳಲು ನಾನು ಯಾರು? ಯಾರಲ್ಲದಿದ್ದರೂ ಆ ಹುಡುಗಿಯ ತಾಯಿಯಂತೂ ಹೌದಲ್ಲ. ಆ ದಿನಗಳಲ್ಲಿ ಇದನ್ನೇ ಎರಡೂ ಕಡೆಯಿಂದ ಹೊರಳಿಸಿ ಹೊರಳಿಸಿ ನೋಡಿದೆ.

ಕೆಲವು ದಿನ ಬಿಟ್ಟು ಸಂಜೆಯ ಬಸ್ಸಿಗೆ ಮಾವ ಬಂದರು. ಹೆಗಲ ಮೇಲೆ ಹಸಿ ಕಡಲೆ ಗಿಡದ ಕಟ್ಟು. ಕೈಕಾಲು ತೊಳೆದು ತಾಟಿನ ಮುಂದೆ ಕೂತು, ಯಾರ ಮುಖವನ್ನೂ ನೋಡದೆ ಹೇಳಿದರು: "ನಮ್ಮವ್ವ ಮೊದಲ ಉಣ್ತಿದ್ದಿಲ್ಲವಾ. ಕೈಲಾಗಲಾರದಾಕಿ ಆದ ಮ್ಯಾಲ ನಾವೇ ಮೊದಲ ಉಣಸಾಕ ಹತ್ತಿದ್ದು. ನಾ ಸಣ್ಣಾವ ಇದ್ದಾಗ ಆಕಿ ಉಣ್ಣೂದು ನಾ ನೋಡೇ ಇಲ್ಲ. ನನಗ ಉಣಿಸಿ ಉಳದ್ರ ಉಣ್ತಿದ್ಲೇನೋ."

ಆಮೇಲೆ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡರು. "ಅವ್ವಾ, ಇವತ್ತಿಂದ ಮೊದಲ ತುತ್ತ ನಂದು. ನೀ ಉಣಸಬೇಕು."

ಅವಳು ನನ್ನನ್ನು ನೋಡಿದಳು, ತಾಟು ನೋಡಿದಳು. ರೊಟ್ಟಿಯ ಚೂರನ್ನು ಬೇಳೆಯಲ್ಲಿ ಅದ್ದಿ ಅವರ ಬಾಯಿಗೆ ಇಟ್ಟಳು. ಅರ್ಧ ಮೀಸೆಯ ಮೇಲೆ ಉಳಿಯಿತು. "ಉಣ್ಣು ಇನ್ನ" ಎಂದಳು. ಮಾವ ಗೋಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ಅಗಿದರು. ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡಿರಾ? ನಾವೂ ಹಾಗೆಯೇ ಅಂದುಕೊಂಡಿದ್ದೆವು. ಮರುವಾರ ಟೀಚರಮ್ಮ ಫೋನು ಮಾಡಿ, "ಮೇಡಮ್, ಸಿಟ್ಟಾಗಬ್ಯಾಡ್ರಿ, ಮತ್ತ ಕಡದಾನ" ಎಂದಳು. ಈ ಸಲ ಬೆರಳು. ನಡೆದದ್ದು ಇಷ್ಟು: ನಮ್ಮ ಆಯಿ ಈಗ ತನ್ನ ಡಬ್ಬಿಯಿಂದ ಎಲ್ಲರಿಗೂ ಮೊದಲ ತುತ್ತು ಉಣಿಸುತ್ತ ಹೊರಟಿದ್ದಳು. ಓಂಕಾರ ಪಾಪ, ಟೀಚರಮ್ಮ ಕಲಿಸಿದ ಹಾಗೆ "ಬ್ಯಾಡ" ಎಂದಿದ್ದ. ಒಂದೇ ಸಲ ಅಲ್ಲ. ಇವಳು ಕೇಳದೆ ಪಲ್ಯ ಬಾಯಿಗೆ ತುರುಕಿದ್ದಳು. ಬೇಡುವುದು ಹೋಗಿ ನೀಡುವುದು ಬಂದಿತ್ತು, ಹುಕುಂ ಮಾತ್ರ ಹಾಗೆಯೇ ಉಳಿದಿತ್ತು!

ಅಂದಿನಿಂದ ಮನೆಯಲ್ಲಿ ನಿಜವಾದ ಪಾಠ ಶುರುವಾಯಿತು. ಗಂಡನೇ ಓಂಕಾರ. ಅಂಗಡಿಯಿಂದ ಬಂದವರು ಚಕ್ಕಳಮಕ್ಕಳ ಹಾಕಿ, ಲಟ್ಟಣಿಗೆಯನ್ನು ಸುರುಳಿಯ ಹಾಗೆ ಎದೆಗೊತ್ತಿಕೊಂಡು ಕೂರುತ್ತಿದ್ದರು. "ಕೇಳು" ಎನ್ನುತ್ತಿದ್ದೆ ನಾನು. "ಹೂಂ ಅಂದ್ರ ಕೊಡು. ಉಹೂಂ ಅಂದ್ರ ಹೊಳ್ಳಿ ಬಾ."

"ಹೊಳ್ಳಿ ಬಂದು?"

"ಬಂದು ನಿನ್ನ ಡಬ್ಬಿ ಉಣ್ಣು."

ಕಡಿಯಲು ಬಂದರೆ ಕೈ ಹಿಂದೆ ತೆಗೆದು ಜೋರಾಗಿ "ಬ್ಯಾಡ" ಎಂದು ಟೀಚರನ್ನು ಕೂಗುವುದನ್ನೂ ಕಲಿಸಿದೆವು. ಅದು ಅವಳಿಗೆ ಬೇಗ ಬಂತು. ಉಹೂಂ ಅನ್ನಿಸಿಕೊಂಡು ಸುಮ್ಮನೆ ತಿರುಗಿ ಬರುವುದು ಮಾತ್ರ ಬಹಳ ಕಷ್ಟವಾಯಿತು. ಲಟ್ಟಣಿಗೆ ಹಿಡಿದ ಅಪ್ಪ ಉಹೂಂ ಎಂದರೆ ನೆಲಕ್ಕೆ ಬಿದ್ದು ಹೊರಳುತ್ತಿದ್ದಳು. ಮಾವ ಎದ್ದು ಬರಲು ಹೋಗಿ, ನನ್ನ ಮುಖ ನೋಡಿ, ಮತ್ತೆ ಕೂರುತ್ತಿದ್ದರು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಅವಳಿಗೆ ಇಲ್ಲ ಎಂದವರೇ ಇರಲಿಲ್ಲ. ನಾವೂ ಅವಳ ಜೊತೆಗೇ ಆ ಮಾತು ಕಲಿತೆವು.

ಒಂದು ದಿನ ಟೀಚರಮ್ಮ ಗೇಟಿನಲ್ಲಿ ತಡೆದು ನಿಲ್ಲಿಸಿ ಹೇಳಿದಳು. ಮಗಳು ಹೋಗಿ "ಕೊಡ್ಲಾ?" ಎಂದಳಂತೆ. ಓಂಕಾರ "ಬ್ಯಾಡ" ಎಂದನಂತೆ. ಇವಳು ತಿರುಗಿ ತನ್ನ ಜಾಗಕ್ಕೆ ಹೋಗಿ ಕೂತಳಂತೆ. ಸ್ವಲ್ಪ ಹೊತ್ತಿಗೆ ಅವನೇ ಎದ್ದು ಬಂದ. ಸುರುಳಿಯನ್ನು ತಾನು ತಿಂದು ತಿಂದು ಉಳಿದಿದ್ದ ಬಾಲದ ಕಡೆಯಿಂದ ಅವಳಿಗೆ ಹಿಡಿದು, "ಹಿಕಡೂನ ಖಾ" ಎಂದನಂತೆ, ಈ ಕಡೆಯಿಂದ ತಿನ್ನು ಎಂದು. ಅವರೇನೂ ಮುಂದೆ ಜೀವದ ಗೆಳೆಯರಾಗಲಿಲ್ಲ. ಆ ವರ್ಷವೇ ಅವರಪ್ಪನಿಗೆ ಬೇರೆ ಊರಿನಲ್ಲಿ ಕೆಲಸವಾಗಿ ಹೊರಟುಹೋದರು. ಆದರೆ ಅದಾದ ಮೇಲೆ ಒಂದು ಬೆಳಿಗ್ಗೆ ಮಗಳು ನನ್ನ ಕೈ ಬಿಟ್ಟು, ಹೊರಳಿಯೂ ನೋಡದೆ ಒಳಗೆ ಓಡಿದಳು. ನಾನು ಗೇಟಿನಲ್ಲಿ ಸುಮ್ಮನೆ ನಿಂತೇ ಇದ್ದೆ. ಅವತ್ತು ಕಾರ್ಖಾನೆಗೆ ತಡವಾಗಿ ಹೋಗಿ ಬೈಸಿಕೊಂಡೆ, ಖುಷಿಯಿಂದಲೇ ಬೈಸಿಕೊಂಡೆ.

ನಿನ್ನೆ ಮೆಂತೆ ಪಲ್ಯ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆ. ಪೂಜಾ ಕೆಂಡವಾಗಿದ್ದಳು. "ನಾಳಿ ಹೋಗಿ ಬರೋಬ್ಬರಿ ಮಾಡ್ತೀನ್ರಿ ಅಕ್ಕಾ. ಅವನವ್ವ ಯಾರದಾಳ, ನೋಡೇಬಿಡ್ತೀನಿ." ನನ್ನ ಬಾಯಲ್ಲಿ ಉಪದೇಶದ ದೊಡ್ಡ ಸಾಲೇ ನಿಂತಿತ್ತು. ರಜೆ ಹಾಕು, ಕಿಟಕಿಯಲ್ಲಿ ಕೂತು ನೋಡು, ಹೀಗೆ ಮಾಡು, ಹಾಗೆ ಮಾಡು. ಸಮರ್ಥ ಗೋಡೆಗೆ ಒರಗಿ, ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತಿದ್ದ. ನಾನು ಅವನ ಎದುರು ನೆಲದ ಮೇಲೆ ಕೂತೆ.

"ಸಮರ್ಥ, ಅವ ಕಡಿಯೂದಕ್ಕಿಂತ ಮೊದಲ ಏನಾತಪಾ?"

ಅವನು ಅವ್ವನ ಮುಖ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಕುಂಡೆಯ ಮೇಲೆಯೇ ಸರಿದು ಸರಿದು ಹತ್ತಿರ ಬಂದ.

"ಮೊದಲ ಅಲಾ," ಎಂದ, "ಮೊದಲ ಒಂದ ಇರಿವಿ ಬಂತು."

"ಇರಿವಿನಾ?" ಎಂದು ಪೂಜಾ ಏನೋ ಹೇಳಲು ಬಂದಳು. ನಾನು ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿದೆ.

"ಎಂಥಾದು?" ಎಂದೆ.

"ಕರೀದು" ಎಂದು ಅವನು ಕಾಲು ಮಡಚಿಕೊಂಡು ಕೂತು ಹೇಳತೊಡಗಿದ.